ಹುಣಿಯೋ ತೋಡೋ? ಡರ್ಮೋಸ್ಕೋಪಿ ಪ್ರಶ್ನೋತ್ತರ

ಅಡ್ಮಿನ್: ಉಡುಪಿ, ದಕ್ಷಿಣ ಕನ್ನಡದ ಸದಸ್ಯರ ಗಮನಕ್ಕೆ. ಚರ್ಮದ ಕ್ಯಾನ್ಸರನ್ನು ಡರ್ಮೋಸ್ಕೋಪ್‌ನಲ್ಲಿ (ಚರ್ಮವನ್ನು ಬೆಳಕು ಬಿಟ್ಟು ದೊಡ್ಡದಾಗಿ ತೋರಿಸುವ ಉಪಕರಣ) ಗುರುತಿಸುವ ತರಬೇತಿಯ ಮುಂದುವರಿಕೆ ಇದು. ಇವತ್ತು, ನಾಳೆ ಎರಡು ದಿನ ಚರ್ಮತಜ್ಞೆ ಮೇಡಂ ಬಿಡುವಾದಾಗ ಉತ್ತರಿಸುತ್ತಾರೆ. ರೋಗಿಯ ಹೆಸರು, ಮುಖ, ಒಪಿ ಚೀಟಿ ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಸುರತ್ಕಲ್ ಕ್ಲಿನಿಕ್: ಮೇಡಂ, ಹೊಸದಾಗಿ ಕಲಿಯುವವರು ಎಲ್ಲಿಂದ ಶುರು ಮಾಡಬೇಕು? ಪುಸ್ತಕ ತೆರೆದರೆ ನೂರು ಮಾದರಿ ಉಂಟು, ತಲೆ ತಿರುಗ್ತದೆ.

ಚರ್ಮತಜ್ಞೆ: ಮೂರೇ ಅಂಶ ಹಿಡಿದುಕೊಳ್ಳಿ. ಬಣ್ಣ ಅಥವಾ ರಚನೆಯಲ್ಲಿ ಅಸಮತೆ. ಕಣ್ಣು ದೊಡ್ಡ-ಸಣ್ಣ ಆದ, ಎಳೆ ಅಲ್ಲಲ್ಲಿ ದಪ್ಪ ಆದ, ಮಚ್ಚೆಯ ಬಣ್ಣದ ಬಲೆ. ನೀಲಿ-ಬಿಳಿ ಬಣ್ಣ. ಮೂರರಲ್ಲಿ ಎರಡು ಸಿಕ್ಕರೆ ಕಳಿಸಿಕೊಡಿ. ನಿಮ್ಮ ಕೆಲಸ ಹೆಸರು ಹೇಳುವುದಲ್ಲ, ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು. 2006ರಲ್ಲಿ ಬಾರ್ಸಿಲೋನಾ ಮತ್ತು ನೇಪಲ್ಸ್‌ನಲ್ಲಿ 73 ವೈದ್ಯರಿಗೆ ಒಂದೇ ದಿನದ ತರಬೇತಿ ಕೊಟ್ಟು ಇದೇ ಪಟ್ಟಿಯಿಂದ ಪರೀಕ್ಷೆ ಮಾಡಿಸಿದರು. ಬರಿಗಣ್ಣಿನಲ್ಲಿ ನೋಡಿದವರು ಕಳಿಸಬೇಕಾದವರಲ್ಲಿ ಶೇ. 54.1 ಜನರನ್ನು ಹಿಡಿದರು, ಡರ್ಮೋಸ್ಕೋಪ್ ಇದ್ದವರು ಶೇ. 79.2. ಅನಗತ್ಯವಾಗಿ ಕಳಿಸಿದ್ದು ಹೆಚ್ಚಾಗಲಿಲ್ಲ. ಆದರೆ 1995ರ ವಿಯೆನ್ನಾದ ಅಧ್ಯಯನವೂ ನೆನಪಿರಲಿ: ತರಬೇತಿ ಇಲ್ಲದ ಚರ್ಮವೈದ್ಯರು ಈ ಉಪಕರಣ ಹಿಡಿದಾಗ ಬರಿಗಣ್ಣಿಗಿಂತ ಹೆಚ್ಚು ತಪ್ಪಿದರು. ಕೊಂಡುಕೊಂಡ ಮಾತ್ರಕ್ಕೆ ಕಣ್ಣು ಬರುವುದಿಲ್ಲ.

ದಿನಕ್ಕೆ ಹತ್ತು ಜನರ ಸಾಮಾನ್ಯ ಮಚ್ಚೆ ನೋಡಿ. ನಮ್ಮ ಹೆಂಗಸರ ಕೆನ್ನೆ ಮೇಲಿನ ಸಣ್ಣ ಕಪ್ಪು ಗುಳ್ಳೆ, ವಯಸ್ಸಾದವರ ಬೆನ್ನಿನ ಮೇಲೆ ಮೇಣ ಮೆತ್ತಿದ ಹಾಗಿರುವ ಸೆಬೊರಿಕ್ ಕೆರಟೋಸಿಸ್, ಇವು ಕಣ್ಣಿಗೆ ಕೂರಬೇಕು. ಒಂದು ನೋಟ್‌ಬುಕ್ ಇಟ್ಟು ಮೂರು ಕಾಲಂ ಮಾಡಿ: ಬರಿಗಣ್ಣಿಗೆ ಏನು ಅನ್ನಿಸಿತು, ಡರ್ಮೋಸ್ಕೋಪ್ ಇಟ್ಟ ಮೇಲೆ ಏನು, ಪೆಥಾಲಜಿ ಏನು ಹೇಳಿತು. ಮೂರನೆಯದು ಖಾಲಿ ಇದ್ದರೆ ನೀವು ಕಲಿಯುತ್ತಿಲ್ಲ.

ಬಂಟ್ವಾಳ ಹಿರಿಯ ವೈದ್ಯರು: ಯಾವ ಕಂಪನಿಯದ್ದು ಒಳ್ಳೆಯದು?

ಚರ್ಮತಜ್ಞೆ: 10 ಪಟ್ಟು ದೊಡ್ಡದು ಮಾಡಬೇಕು, ಪೋಲರೈಸ್ಡ್ (ಚರ್ಮದ ಹೊಳಪು ತಡೆಯುವ) ಮತ್ತು ಸಾದಾ ಬೆಳಕು ಎರಡೂ ಇರಬೇಕು, ಮೊಬೈಲ್‌ಗೆ ಕೂರಬೇಕು. ಕಂಪನಿ ಹೆಸರು ನಾನು ಹೇಳುವುದಿಲ್ಲ.

ಮಲ್ಪೆ ಕ್ಲಿನಿಕ್: ಎರಡು ಬೆಳಕು ಯಾಕೆ ಬೇಕು? ಒಂದು ಸಾಲದಾ?

ಚರ್ಮತಜ್ಞೆ: ಸಾಲದು. ಪೋಲರೈಸ್ಡ್ ಬೆಳಕಿನಲ್ಲಿ ರಕ್ತನಾಳ, ಹೊಳೆಯುವ ಬಿಳಿ ಗೆರೆ ಚೆನ್ನಾಗಿ ಕಾಣುತ್ತವೆ, ಮುಟ್ಟಿಸದೆಯೂ ನೋಡಬಹುದು. ಸಾದಾ ಬೆಳಕಿಗೆ ಗಾಜು ಚರ್ಮಕ್ಕೆ ತಾಗಬೇಕು, ನಡುವೆ ಜೆಲ್ ಅಥವಾ ಸ್ಪಿರಿಟ್ ಬೇಕು. ಸೆಬೊರಿಕ್ ಕೆರಟೋಸಿಸ್‌ನ ಬಿಳಿ ಚುಕ್ಕೆ ಅದರಲ್ಲೇ ಎದ್ದು ಕಾಣುವುದು. ಸ್ಕ್ಯಾನಿಂಗ್ ರೂಮಿನ ಜೆಲ್ ಸಾಕು. ಒತ್ತಬೇಡಿ, ಒತ್ತಿದರೆ ರಕ್ತನಾಳ ಬಿಳುಚಿ ಮಾಯವಾಗುತ್ತದೆ, ಆಮೇಲೆ "ಏನೂ ಕಾಣಲಿಲ್ಲ" ಎಂದು ಬರೆಯುತ್ತೀರಿ. ಪ್ರತಿ ರೋಗಿಯ ನಂತರ ಶೇ. 70 ಆಲ್ಕೋಹಾಲ್‌ನಲ್ಲಿ ಗಾಜು ಒರೆಸಿ.

ಮಲ್ಪೆ ಕ್ಲಿನಿಕ್: ಇನ್ನೊಂದು. 65 ವರ್ಷದ ಮೀನುಗಾರ, ಮೂಗಿನ ಬದಿ 6 ಮಿ.ಮೀ. ಕಪ್ಪು ಗಂಟು, ಎರಡು ವರ್ಷದಿಂದ. ಆಗಾಗ ಹೊಪ್ಪಳೆ ಕಟ್ಟಿ ರಕ್ತ ಬರ್ತದೆ. ಬಲೆ ಇಲ್ಲ, ನೀಲಿ-ಬೂದು ಉಂಡೆಗಳು ಉಂಟು, ಅಂಚಲ್ಲಿ ಎಲೆ ಹಾಗೆ ಕಂದು ತುಂಡುಗಳು. ಮೆಲನೋಮ (ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್) ಅಂತ ಹೆದರಿದ್ದೇನೆ.

ಚರ್ಮತಜ್ಞೆ: ಚೆನ್ನಾಗಿ ವಿವರಿಸಿದ್ದೀರಿ. ಇದು ಬೇಸಲ್ ಸೆಲ್ ಕಾರ್ಸಿನೋಮ, ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರ್. ನಮ್ಮ ಚರ್ಮದಲ್ಲಿ ಅದು ಹೆಚ್ಚಾಗಿ ಕಪ್ಪಾಗಿಯೇ ಬರುತ್ತದೆ, ಪುಸ್ತಕದ ಮುತ್ತಿನಂಥ ಗುಲಾಬಿ ಗಂಟು ಕಾಯಬೇಡಿ. ಪಂಚ್ ಬಯಾಪ್ಸಿ (ಸಣ್ಣ ತುಂಡು ತೆಗೆದು ಪರೀಕ್ಷೆ) ಮಾಡಿಸಿ. ಕಾಟರಿಯಲ್ಲಿ ಸುಡುವುದು ಬೇಡ.

ಕುಂದಾಪುರ ಕ್ಲಿನಿಕ್: ಹೆಬ್ಬೆರಳ ಉಗುರಿನಲ್ಲಿ ಕಪ್ಪು ಗೆರೆ, 40 ವರ್ಷ. ತೆಗೆಯಬೇಕಾ?

ಚರ್ಮತಜ್ಞೆ: ಹಲವು ಉಗುರುಗಳಲ್ಲಿ ಇದ್ದರೆ ನಮ್ಮ ಬಣ್ಣದ ಚರ್ಮಕ್ಕೆ ಸಹಜ. ಒಂದೇ ಬೆರಳಲ್ಲಿ ಇದ್ದು, 3 ಮಿ.ಮೀ.ಗಿಂತ ಅಗಲವಾಗಿ, ಬುಡ ಅಗಲ ತುದಿ ಸಣ್ಣ ಆಗಿ, ಗೆರೆಗಳ ದಪ್ಪ-ಬಣ್ಣ ಬೇರೆ ಬೇರೆ ಇದ್ದರೆ, ಅಥವಾ ಉಗುರ ಬುಡದ ಚರ್ಮಕ್ಕೆ ಕಪ್ಪು ಹರಿದಿದ್ದರೆ ಕಳಿಸಿ. ಬುಡ ಅಗಲ ಎಂದರೆ ಗೆರೆ ಬೆಳೆಯುತ್ತಿದೆ ಎಂದು ಅರ್ಥ. ಪೆಟ್ಟಾಗಿ ರಕ್ತ ಕಟ್ಟಿದ್ದಾದರೆ ಉಗುರಿನ ಜೊತೆ ಮುಂದೆ ಸರಿಯುತ್ತದೆ, ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದು. ಇವತ್ತು ಫೋಟೋ, ಆರು ವಾರ ಬಿಟ್ಟು ಇನ್ನೊಂದು. ಬಯಾಪ್ಸಿ ಮಾಡುವುದಾದರೆ ಉಗುರು ಹುಟ್ಟುವ ಬುಡದಿಂದ. ಉಗುರು ಕತ್ತರಿಸಿ ಕಳಿಸಿದ್ದನ್ನು ನೋಡಿ ಪೆಥಾಲಜಿಸ್ಟ್ ಏನು ಮಾಡಬೇಕು?

ಕಾರ್ಕಳ ಪಿ.ಎಚ್.ಸಿ.: ನಮಸ್ಕಾರ ಮೇಡಂ. 58 ವರ್ಷದ ಹೆಂಗಸು, ಅಡಿಕೆ ತೋಟದ ಕೆಲಸ, ಬರಿಗಾಲು. ಎಡ ಹಿಮ್ಮಡಿಯಲ್ಲಿ 11×8 ಮಿ.ಮೀ. ಕಪ್ಪು ಕಲೆ, ಒಂದು ವರ್ಷ ಆಯ್ತಂತೆ. ಆಣಿ ಅಂತ ಎರಡು ಸಲ ಕಾರ್ನ್ ಪಟ್ಟಿ ಹಾಕಿದ್ದಾರೆ. ಸಾಲು ಸಾಲಾಗಿ ಗೆರೆ ಕಾಣ್ತದೆ, ಒಂದು ತುದಿ ನೀಲಿ-ಬೂದು. ತರಬೇತಿಯಲ್ಲಿ "ತೋಡಿನ ಗೆರೆ ಒಳ್ಳೆಯದು, ಹುಣಿಯ ಗೆರೆ ಕೆಟ್ಟದು" ಅಂದಿದ್ರಿ. ಇದು ಯಾವುದು ಅಂತ ಗೊತ್ತಾಗ್ತಿಲ್ಲ. ಫೋಟೋ ಹಾಕಿದ್ದೇನೆ.

ಚರ್ಮತಜ್ಞೆ: ಎಲ್ಲರೂ ಇದನ್ನು ಓದಿ. ನಮ್ಮವರಿಗೆ ಮೆಲನೋಮ ಕಡಿಮೆ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಬೆನ್ನು ನೋಡಿ ಕಳಿಸುವವರು ಚಪ್ಪಲಿ ಬಿಚ್ಚಿಸುವುದಿಲ್ಲ.

ಅಂಗಾಲಿನ ಚರ್ಮ ಗದ್ದೆಯ ಹಾಗೆ: ಎತ್ತರದ ಹುಣಿ, ನಡುವೆ ತೋಡು. ಸಾಮಾನ್ಯ ಮಚ್ಚೆಯ ಬಣ್ಣ ತೋಡಿನಲ್ಲಿ ನಿಲ್ಲುತ್ತದೆ, ಮೆಲನೋಮದ ಬಣ್ಣ ಹುಣಿಯ ಮೇಲೆ ಹತ್ತುತ್ತದೆ. ಗುರುತಿಸುವುದು ಹೇಗೆ? ಹುಣಿ ಅಗಲ, ತೋಡು ಸಪೂರ. ಹುಣಿಯ ನಟ್ಟನಡುವೆ ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಾಗಿ ಪೋಣಿಸಿದ ಹಾಗೆ ಸಾಲಾಗಿರುತ್ತವೆ. ಆ ಬಿಳಿ ಚುಕ್ಕೆ ಕಪ್ಪು ಪಟ್ಟಿಯ ಒಳಗೇ ಕುಳಿತಿದ್ದರೆ ಹುಣಿ.

ಚುಕ್ಕೆ ಕಾಣದಿದ್ದರೆ ಶಾಯಿ ಹಚ್ಚಿ. ಮೊದಲು ಸೋಪಿನಲ್ಲಿ ಕಾಲು ತೊಳೆಸಿ. ಕೆಂಪು ಮುರಮಣ್ಣು ತೋಡಿನೊಳಗೆ ಕೂತರೆ ಅದೇ ಒಂದು ಮಾದರಿ ಆಗಿಬಿಡುತ್ತದೆ. ಒಣಗಿದ ಮೇಲೆ ಮಾರ್ಕರ್ ಅಥವಾ ಪೆನ್ನಿನ ಶಾಯಿ ಹಚ್ಚಿ, ತಕ್ಷಣ ಒಣ ಹತ್ತಿಯಿಂದ ಮೇಲ್ಮೈ ಮಾತ್ರ ಒರೆಸಿ. ಶಾಯಿ ತೋಡಿನಲ್ಲಿ ಉಳಿಯುತ್ತದೆ. ಕಲೆಯ ಗೆರೆ ಶಾಯಿಯ ಮೇಲೇ ಬಿದ್ದರೆ ತೋಡು, ಎರಡು ಶಾಯಿ ಗೆರೆಗಳ ನಡುವೆ ಬಿದ್ದರೆ ಹುಣಿ. ಸ್ಪಿರಿಟ್‌ನಲ್ಲಿ ಒರೆಸಬೇಡಿ, ತೋಡಿನ ಶಾಯಿಯೂ ಹೋಗುತ್ತದೆ. ಹಿಮ್ಮಡಿಯಲ್ಲಿ ಭಾರ ಬಿದ್ದು ತೋಡಿನ ಬಣ್ಣ ಓರೆಯಾಗಿ ಬ್ರಷ್ ಎಳೆದಂತೆ ಕಾಣುವುದುಂಟು, ಆಗ ಡರ್ಮೋಸ್ಕೋಪನ್ನು ಓರೆ ಮಾಡಿ ನೋಡಿ, ಗೆರೆ ಮತ್ತೆ ತೋಡಿಗೆ ಬಂದು ಕೂರುತ್ತದೆ. ದಪ್ಪ ಜಡ್ಡು ಇದ್ದರೆ ಮೇಲಿಂದ ತೆಳುವಾಗಿ ಹೆರೆದು ಜೆಲ್ ಹಾಕಿ.

ಮೋಸ ಮಾಡುವವು ಮೂರು. ಒಂದು, ಕಪ್ಪು ಚರ್ಮದಲ್ಲಿ ಹುಣಿ ಸಹಜವಾಗಿಯೇ ತುಸು ಕಂದು, ಹಾಗಾಗಿ ಇನ್ನೊಂದು ಕಾಲನ್ನೂ ನೋಡಿ. ಎರಡು, ಚರ್ಮದ ಮೇಲ್ಪದರದ ರಕ್ತ. ಕೆಂಗಪ್ಪು ಕಲ್ಲುಹರಳು ಹುಣಿಯ ಮೇಲೆ ಇಟ್ಟಂತೆ ಇರುತ್ತದೆ, 15ನೇ ನಂಬರ್ ಬ್ಲೇಡಿನಿಂದ ಕೆರೆದರೆ ಎದ್ದುಬರುತ್ತದೆ. ಪೂರ್ತಿ ಎದ್ದುಬಂದರೂ ಕೆಳಗೆ ಏನು ಉಳಿದಿದೆ ನೋಡಿ, ಗಡ್ಡೆಯಿಂದಲೂ ರಕ್ತ ಬರುತ್ತದೆ. ಮೂರು, ಮದರಂಗಿ ಮತ್ತು ಗೇರುಬೀಜದ ಸಿಪ್ಪೆ ಎಣ್ಣೆಯ ಕಲೆ.

ಈಗ ನಿಮ್ಮ ಫೋಟೋ. ಎರಡನೆಯದು ಒತ್ತಿ ತೆಗೆದದ್ದು, ಬಿಟ್ಟುಬಿಡಿ. ಮೊದಲನೆಯದರಲ್ಲಿ ಬಿಳಿ ಚುಕ್ಕೆ ಕಪ್ಪು ಪಟ್ಟಿಯೊಳಗೇ ಇದೆ. ಅಂಗಾಲಿನ ಮೆಲನೋಮಕ್ಕೆ ಅಂಕ ಕೊಡುವ ಬ್ರಾಫ್ ಪಟ್ಟಿಯ ಪ್ರಕಾರ ಹುಣಿ ಮಾದರಿಗೆ 3, ಆಕಾರಗೆಟ್ಟ ಕಪ್ಪು ತೇಪೆಗೆ 1, ರಚನೆಯ ಅಸಮತೆಗೆ 1, ಬಣ್ಣದ ಅಸಮತೆಗೆ 1. ತೋಡಿಗೆ, ಓರೆ ಗೆರೆಗೆ ಒಂದೊಂದು ಕಳೆಯಬೇಕು, ಇಲ್ಲಿ ಕಳೆಯಲಿಕ್ಕೆ ಏನೂ ಇಲ್ಲ. ಒಟ್ಟು 6. ಮೆಲನೋಮ ಎಂದು ಅನುಮಾನಿಸಲು ಒಂದು ಬಂದರೇ ಸಾಕಿತ್ತು. ಆರು ತಿಂಗಳು ಬಿಟ್ಟು ನೋಡುವ ಕೇಸ್ ಅಲ್ಲ.

ಕಾರ್ನ್ ಪಟ್ಟಿ ಇವತ್ತೇ ನಿಲ್ಲಿಸಿ. ಸ್ಯಾಲಿಸಿಲಿಕ್ ಆಮ್ಲ ಮೇಲ್ಪದರ ಸುಲಿದು ಗೆರೆ ಅಳಿಸುತ್ತದೆ. ಪಿ.ಎಚ್.ಸಿ.ಯಲ್ಲಿ ಕೆತ್ತಬೇಡಿ. ಸಣ್ಣ ಕಲೆಯಾದರೆ ಸುತ್ತ 2 ಮಿ.ಮೀ. ಬಿಟ್ಟು ಪೂರ್ತಿ ತೆಗೆಯುವುದು ಕ್ರಮ. ಹಿಮ್ಮಡಿಯಲ್ಲಿ ಇಷ್ಟು ದೊಡ್ಡದಕ್ಕೆ ಸರ್ಜನ್ ಅತಿ ಕಪ್ಪು, ಅತಿ ದಪ್ಪ ಭಾಗ ಸೇರುವಂತೆ ಉದ್ದದ ತುಂಡು ತೆಗೆಯಬಹುದು. ಫಾರ್ಮಲಿನ್ ತುಂಡಿನ ಹತ್ತು ಪಟ್ಟು ಇರಲಿ. ಪೆಥಾಲಜಿ ಫಾರಂನಲ್ಲಿ "ಚರ್ಮದ ಗೆರೆಗಳಿಗೆ ಅಡ್ಡವಾಗಿ ಕತ್ತರಿಸಿ" ಎಂದು ಬರೆಯಿರಿ. ಗೆರೆಯ ಉದ್ದಕ್ಕೆ ಕತ್ತರಿಸಿದರೆ ಸೂಕ್ಷ್ಮದರ್ಶಕದಲ್ಲಿ ಹುಣಿ-ತೋಡು ಗೊತ್ತಾಗುವುದಿಲ್ಲ. ಡರ್ಮೋಸ್ಕೋಪಿ ಫೋಟೋ ಜೊತೆಗಿಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಬೆವರಿನ ಚುಕ್ಕೆಯೇ ಅಳಿಸಿಹೋಗುತ್ತದೆ.

ನೀವು ಬರೆಯದ್ದು ಒಂದು: ಹರಡಿದ ಗುರುತಾಗಿ ಮಂಡಿ ಹಿಂದೆ, ತೊಡೆಸಂದಿಯಲ್ಲಿ ಗಂಟು ಇದೆಯಾ?

ಕಾರ್ಕಳ ಪಿ.ಎಚ್.ಸಿ.: ನೋಡಿಲ್ಲ ಮೇಡಂ. ನಾಳೆ ಆಶಾ ಅವರ ಹತ್ತಿರ ಹೇಳಿ ಕರೆಸ್ತೇನೆ.

ಪುತ್ತೂರು ಮೆಡಿಕಲ್ಸ್: *ಫಾರ್ವರ್ಡ್ ಆದದ್ದು:* "ಮಚ್ಚೆ, ನರುಳ್ಳೆ, ಆಣಿಗೆ ಆಪರೇಶನ್ ಬೇಡ! ಎಲೆಗೆ ಹಚ್ಚುವ ಸುಣ್ಣ + ಬಟ್ಟೆ ಸೋಡಾ ಸಮ ಸಮ, 3 ದಿನ. ಹೋಗದಿದ್ದರೆ ಗೇರೆಣ್ಣೆ ಒಂದು ಹನಿ. ನೂರಾರು ಜನರಿಗೆ ಗುಣ. ಶೇರ್ ಮಾಡಿ."

ಚರ್ಮತಜ್ಞೆ: ಸುಣ್ಣಕ್ಕೆ ಬಟ್ಟೆ ಸೋಡಾ ಸೇರಿದರೆ ಕಾಸ್ಟಿಕ್ ಸೋಡಾ ಆಗುತ್ತದೆ. ಚರಂಡಿ ಬಿಡಿಸುವ ವಸ್ತು. ಗೇರೆಣ್ಣೆಯಲ್ಲಿ ಕಾರ್ಡಾಲ್, ಅನಕಾರ್ಡಿಕ್ ಆಮ್ಲ ಇವೆ, ಚರ್ಮ ಬೊಕ್ಕೆ ಏಳುತ್ತದೆ. ಮೇಲಿನದು ಸುಟ್ಟುಹೋಗಿ ಕೆಳಗಿನದು ಉಳಿಯುತ್ತದೆ. ಸಾದಾ ಮಚ್ಚೆಯೇ ಆಗಿದ್ದರೂ ಗಾಯದ ಕಲೆಯೊಳಗಿಂದ ಮತ್ತೆ ಬೆಳೆದಾಗ ಡರ್ಮೋಸ್ಕೋಪ್‌ನಲ್ಲಿ ಮೆಲನೋಮದಂತೆ ಕಾಣುತ್ತದೆ. ಮೆಲನೋಮವೇ ಆಗಿದ್ದರೆ ಆಳ ಅಳೆಯಲಿಕ್ಕೆ ತುಂಡೇ ಇರುವುದಿಲ್ಲ, ಮುಂದಿನ ಚಿಕಿತ್ಸೆ ಎಲ್ಲ ಆ ಆಳದ ಮೇಲೆ ನಿಂತಿದೆ. ದಯವಿಟ್ಟು ಅಳಿಸಿ.

ಪುತ್ತೂರು ಮೆಡಿಕಲ್ಸ್: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಹಾಕಿದೆ ಅಷ್ಟೆ. ನಮ್ಮ ಹಿರಿಯರು ಗೇರೆಣ್ಣೆ ಹಿಮ್ಮಡಿ ಒಡಕಿಗೆ ಹಚ್ಚುತ್ತಿದ್ದರು, ಎಂತ ಆಯ್ತು?

ಸುರತ್ಕಲ್ ಕ್ಲಿನಿಕ್: ಎಂತ ಆಯ್ತು ಅಂತ ಗೇರುಬೀಜ ಫ್ಯಾಕ್ಟರಿಯವರ ಅಂಗೈ ನೋಡಿ ಮಾರಾಯ್ರೆ.

ಬಂಟ್ವಾಳ ಹಿರಿಯ ವೈದ್ಯರು: ಮನೆಮದ್ದಿನ ಮಾತು ಬಿಡಿ. ಆದರೆ ಮೆಲನೋಮಕ್ಕೆ ಸೂಜಿ, ಬ್ಲೇಡ್ ತಾಗಿಸಿದರೆ ಹರಡ್ತದೆ ಅಂತ ನಮಗೆ ಕಲಿಸಿದ್ದು. ಈಗ ತುಂಡು ತೆಗೀರಿ ಅಂದ್ರೆ?

ಸುರತ್ಕಲ್ ಕ್ಲಿನಿಕ್: ಸರ್, ಅದು ಹಳೇ ಮಾತು.

ಬಂಟ್ವಾಳ ಹಿರಿಯ ವೈದ್ಯರು: ಹಳೇದೆಲ್ಲ ಸುಳ್ಳಾ? ಇಷ್ಟು ವರ್ಷದಲ್ಲಿ ಕರಾವಳಿಯಲ್ಲಿ ಮೆಲನೋಮ ಕೈಬೆರಳೆಣಿಕೆ. ಇದಕ್ಕೆ ಊರಿನ ಡಾಕ್ಟ್ರಿಗೆಲ್ಲ ತರಬೇತಿ ಬೇಕಾ? ಡೆಂಗ್ಯೂ ನೋಡಿ ಮುಗಿಯುವುದಿಲ್ಲ.

ಸುರತ್ಕಲ್ ಕ್ಲಿನಿಕ್: ಕೈಬೆರಳೆಣಿಕೆ ಬಂದದ್ದಾ, ಕೈಬೆರಳೆಣಿಕೆ ಗುರುತಿಸಿದ್ದಾ? ಆಣಿ, ಡಯಾಬಿಟಿಸ್ ಹುಣ್ಣು ಅಂತ ಡ್ರೆಸ್ಸಿಂಗ್ ಮಾಡಿದ್ದನ್ನು ಯಾರು ಲೆಕ್ಕ ಹಿಡಿದಿದ್ದಾರೆ?

ಬಂಟ್ವಾಳ ಹಿರಿಯ ವೈದ್ಯರು: ನೀವು ಹುಟ್ಟುವ ಮೊದಲಿಂದ ಡ್ರೆಸ್ಸಿಂಗ್ ಮಾಡ್ತಿದ್ದೇನೆ.

ಚರ್ಮತಜ್ಞೆ: ಸರ್, ಬಯಾಪ್ಸಿಯಿಂದ ಮೆಲನೋಮ ಹರಡುತ್ತದೆ ಎನ್ನಲು ಆಧಾರ ಇಲ್ಲ. ಮೂರು ತಿಂಗಳಲ್ಲಿ ಒಣಗದ ಅಂಗಾಲಿನ ಹುಣ್ಣಿಗೆ, ಬಣ್ಣ ಇಲ್ಲದಿದ್ದರೂ, ಬಯಾಪ್ಸಿ ಬೇಕು. ಬಣ್ಣವಿಲ್ಲದ ಮೆಲನೋಮವೂ ಇದೆ. ಜಗಳ ಬೇರೆ ಕಡೆ ಮಾಡಿ.

ಕುಂದಾಪುರ ಕ್ಲಿನಿಕ್: ಇದಕ್ಕೆಲ್ಲ ಈಗ ಎ.ಐ. ಆ್ಯಪ್ ಉಂಟಲ್ಲ? ಫೋಟೋ ಹಾಕಿದ್ರೆ ಪರ್ಸೆಂಟೇಜ್ ಹೇಳ್ತದೆ.

ಚರ್ಮತಜ್ಞೆ: ಇಂಥ ಹಲವನ್ನು ಕಲಿಸಿದ್ದು 2018ರ ಹ್ಯಾಮ್10000 ಎಂಬ ಸಂಗ್ರಹದಿಂದ. 10,015 ಚಿತ್ರ, ವಿಯೆನ್ನಾ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನವು. ಹೆಚ್ಚಿನವು ಬಿಳಿ ಚರ್ಮ, ಅಂಗಾಲು ಬಹಳ ಕಡಿಮೆ. ಕಾರ್ಕಳದ ಹಿಮ್ಮಡಿಯನ್ನು ಅದು ಎಲ್ಲಿ ನೋಡಿದೆ?

ಮೂಡುಬಿದಿರೆ ಕ್ಲಿನಿಕ್: ಈ ತರಬೇತಿಗೆ ಕ್ರೆಡಿಟ್ ಪಾಯಿಂಟ್ ಸಿಗ್ತದಾ?

ಬ್ರಹ್ಮಾವರ ಕ್ಲಿನಿಕ್: ಆಣಿಯೋ ನರುಳ್ಳೆಯೋ ಅಂತ ಹೇಗೆ ತಿಳಿಯುವುದು?

ಚರ್ಮತಜ್ಞೆ: ಹೆರೆದು ನೋಡಿ. ಕೆಂಪು-ಕಪ್ಪು ಚುಕ್ಕೆ ಕಂಡರೆ ನರುಳ್ಳೆ, ನಡುವೆ ಗಾಜಿನಂಥ ತಿರುಳು ಇದ್ದರೆ ಆಣಿ. ಎರಡೂ ಇಲ್ಲದಿದ್ದರೆ ಪಟ್ಟಿ ಹಾಕಬೇಡಿ.

ವಿಟ್ಲ ಕ್ಲಿನಿಕ್: ಮೇಡಂ ಈ ಮಚ್ಚೆ ನೋಡಿ, ಕ್ಯಾನ್ಸರಾ? *(ಫೋಟೋ)*

ಚರ್ಮತಜ್ಞೆ: ಟ್ಯೂಬ್‌ಲೈಟಿನ ಪ್ರತಿಬಿಂಬ ಕಾಣುತ್ತಿದೆ, ಮಚ್ಚೆ ಕಾಣುತ್ತಿಲ್ಲ. ಅಳತೆಪಟ್ಟಿ ಇಟ್ಟು ಮತ್ತೆ ತೆಗೆಯಿರಿ. ವಯಸ್ಸು, ಜಾಗ, ಎಷ್ಟು ದಿನ ಎಂದು ಬರೆಯಿರಿ.

ವಿಟ್ಲ ಕ್ಲಿನಿಕ್: ಒಂದು ಅಂದಾಜು ಹೇಳಿದ್ರೆ ಸಾಕಿತ್ತು.

ಚರ್ಮತಜ್ಞೆ: ಅಂದಾಜು ಹೇಳುವುದಿಲ್ಲ.

ಪುತ್ತೂರು ಮೆಡಿಕಲ್ಸ್: ದೊಡ್ಡವರು ಕೇಳಿದ್ರೆ ಉದ್ದ ಉತ್ತರ, ನಮಗೆಲ್ಲ ಒಂದು ಸಾಲು.

ಅಡ್ಮಿನ್: ಪುತ್ತೂರಿನವರೇ, ಆ ಫಾರ್ವರ್ಡ್ ಇನ್ನೂ ಅಲ್ಲೇ ಉಂಟು. ಅಳಿಸಿ, ಇಲ್ಲದಿದ್ದರೆ ನಾನು ಅಳಿಸ್ತೇನೆ.

ಕಾರ್ಕಳ ಪಿ.ಎಚ್.ಸಿ.: ಮೇಡಂ, ಅವರು ಬಂದಿದ್ದರು. ಕಾಲು ತೊಳೆಸಿ ಶಾಯಿ ಹಚ್ಚಿದೆ. ಗೆರೆ ಶಾಯಿಗಳ ನಡುವೆಯೇ ಬೀಳ್ತದೆ. ಮಂಡಿ ಹಿಂದೆ ಏನಿಲ್ಲ. ಎಡ ತೊಡೆಸಂದಿಯಲ್ಲಿ ಒಂದು ಗಂಟು ಕೈಗೆ ಸಿಗ್ತದೆ, ಸುಮಾರು 2 ಸೆಂ.ಮೀ., ಗಟ್ಟಿ, ನೋವಿಲ್ಲ. ಬರಿಗಾಲಿನವರಿಗೆ ಸಣ್ಣ ಗಂಟು ಇರ್ತದೆ ಅಂತ ಗೊತ್ತು, ಬಲಗಡೆ ಇಷ್ಟಿಲ್ಲ.

ಚರ್ಮತಜ್ಞೆ: ಬಲಗಡೆ ಇಷ್ಟಿಲ್ಲದಿದ್ದರೆ ಬರಿಗಾಲಿನದ್ದು ಎಂದು ಬಿಡುವ ಹಾಗಿಲ್ಲ. ಗಂಟಿಗೆ ಸೂಜಿ ಪರೀಕ್ಷೆ, ಹಿಮ್ಮಡಿಯ ಬಯಾಪ್ಸಿ ಎರಡೂ ಒಟ್ಟಿಗೆ ಆಗಲಿ. ಇದನ್ನೂ ಚೀಟಿಯಲ್ಲಿ ಬರೆಯಿರಿ. ಅವರನ್ನು ಮನೆಗೆ ಕಳಿಸುವ ಮೊದಲು ನನಗೆ ಫೋನ್ ಮಾಡಿ.

ಬೈಂದೂರು ಕ್ಲಿನಿಕ್: ಮೇಲಿನದ್ದು ಓದ್ಲಿಕ್ಕೆ ಆಗಲಿಲ್ಲ ಮೇಡಂ, ಯಾವ ಕಂಪನಿಯ ಡರ್ಮೋಸ್ಕೋಪ್ ಒಳ್ಳೆಯದು?