ಕೃಷಿ ಸರಕಿನ ಡಿಜಿಟಲ್ ಲೆಕ್ಕ: ತಜ್ಞೆಯನ್ನು ಕೇಳಿ

ಹಣ್ಣು ರವಾನೆದಾರ: ಮೇಡಂ, 24 ಪ್ಯಾಲೆಟ್, ಅಂದ್ರೆ ಹಣ್ಣಿನ ಪೆಟ್ಟಿಗೆ ಪೇರಿಸಿದ ಹಲಗೆ, ಕಳಿಸಿದ್ವಿ. ಕೊಂಡವರ ಸಿಸ್ಟಂನಲ್ಲಿ ಒಂದೇ ಕಾಣಿಸ್ತಿದೆಯಂತೆ. ರವಾನೆ ಪಟ್ಟಿಯನ್ನ ಎಕ್ಸೆಲ್‌ನಲ್ಲಿ ತೆರೆದು ತೂಕ ತಿದ್ದಿದ್ವಿ ಅಷ್ಟೆ. ಸ್ಕ್ಯಾನರ್ ಕೆಟ್ಟಿದೆಯಾ?

ತಜ್ಞೆ: ಸ್ಕ್ಯಾನರ್ ಪಾಪ, ಅದರದ್ದೇನೂ ತಪ್ಪಿಲ್ಲ. ಪ್ರತಿ ಪ್ಯಾಲೆಟ್ ಗುರುತಿಸಲು ಲೇಬಲ್ ಮೇಲೆ ಹಾಕುವ ಎಸ್‌ಎಸ್‌ಸಿಸಿ ಸಂಖ್ಯೆ 18 ಅಂಕಿಯದು. ಎಕ್ಸೆಲ್ 15 ಅಂಕಿ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಕೊನೆಯದು ತಾಳೆ ಅಂಕಿ (ಉಳಿದವು ಸರಿಯೇ ಎಂದು ನೋಡಲು), ಅದರ ಹಿಂದಿನ ಎರಡು ಕ್ರಮಸಂಖ್ಯೆಯ ಬಾಲ. ಮೂರೂ ಹೋದರೆ ಸಾಲಾಗಿ ಬಂದ 100 ಪ್ಯಾಲೆಟ್‌ವರೆಗೂ ಒಂದೇ ಸಂಖ್ಯೆ.

ಆ ಹಾಳೆಯನ್ನು ತಿದ್ದಲು ಹೋಗಬೇಡಿ, ಹೋದ ಅಂಕಿ ಅದರಲ್ಲಿ ಎಲ್ಲೂ ಇಲ್ಲ. ಲೇಬಲ್ ಮುದ್ರಿಸಿದ ಸಾಫ್ಟ್‌ವೇರ್‌ನಿಂದ ಪಟ್ಟಿ ಮತ್ತೆ ತೆಗೆಯಿರಿ. ಅದು ಕೊಡುವ ಸಿಎಸ್‌ವಿ ಫೈಲನ್ನು (ಸರಳ ಪಠ್ಯದ ಪಟ್ಟಿ) ಡಬಲ್ ಕ್ಲಿಕ್ ಮಾಡದೆ ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳಗೆ ತಂದು, ಎಸ್‌ಎಸ್‌ಸಿಸಿ ಕಾಲಂ ಟೆಕ್ಸ್ಟ್ ಎಂದು ಆರಿಸಿ. ಕಳಿಸುವ ಮುನ್ನ ತಾಳೆ ನೋಡಿ: ಮೊದಲ 17 ಅಂಕಿಗಳನ್ನು ಬಲದಿಂದ 3, 1, 3, 1 ಎಂದು ಗುಣಿಸಿ ಕೂಡಿ. ಮೊತ್ತ ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ 18ನೆಯದು; ಮೊತ್ತವೇ ಹತ್ತರ ಗುಣಕವಾದರೆ ಸೊನ್ನೆ.

ನನ್ನ ಚಿಂತೆ ಬೇರೆ. ಅಲ್ಲಿನವರು ಅವಸರದಲ್ಲಿ ಹೊಸ ಲೇಬಲ್ ಅಂಟಿಸಿಬಿಟ್ಟರೆ ಪ್ಯಾಲೆಟ್‌ಗೂ ತೋಟದ ಲಾಟ್‌ಗೂ (ಒಟ್ಟಿಗೆ ಕೊಯ್ದ ಹಣ್ಣಿನ ಗುಂಪಿಗೂ) ಇದ್ದ ಕೊಂಡಿ ಕಡಿಯಿತು. ನಾಳೆ ಒಂದು ಲಾಟ್‌ನಲ್ಲಿ ಕೀಟನಾಶಕದ ಶೇಷ ಸಿಕ್ಕರೆ, ಅದು ಯಾವ ಪ್ಯಾಲೆಟ್‌ನಲ್ಲಿದೆ ಎಂದು ತಿಳಿಯದೆ 24ನ್ನೂ ವಾಪಸ್ ಕರೆಸಬೇಕು. ಈಗಲೇ ಫೋನ್ ಮಾಡಿ ತಡೆಯಿರಿ.

ಸದಸ್ಯ: ಫಾರ್ವರ್ಡ್ ಬಂದಿದೆ: "ಫಾರ್ಮ್ಯಾಟ್ ನಂಬರ್ ಮಾಡಿ, ದಶಾಂಶ 0 ಇಡಿ, ಸರಿಹೋಗುತ್ತೆ. ಎಲ್ಲರಿಗೂ ಹಂಚಿ."

ತಜ್ಞೆ: ದಯವಿಟ್ಟು ಹಂಚಬೇಡಿ! 18 ಅಂಕಿ ಕಾಣುತ್ತದೆ, ಕೊನೆಯ ಮೂರು ಸೊನ್ನೆಯೇ. ತಪ್ಪು ಕಣ್ಣಿಗೆ ಬೀಳದಂತೆ ಮುಚ್ಚುವ ಉಪಾಯ ಅದು.

ಹೊಸ ಸದಸ್ಯೆ: ಯಾವ ಆ್ಯಪ್ ಒಳ್ಳೇದು?

ತಜ್ಞೆ: ಕೊಳ್ಳುವವರ ಸಿಸ್ಟಂ ಓದಬಲ್ಲ ಫೈಲ್ ಕೊಡುವಂಥದ್ದು.

ಸಂಗ್ರಹ ಕೇಂದ್ರ: ನೆಟ್‌ವರ್ಕ್ ಇಲ್ಲದ ಕಡೆ ಸ್ಕ್ಯಾನ್ ಮಾಡಿದ್ದು ಸಿಂಕ್ ಆದಾಗ ಎರಡೆರಡು ಸಲ ಬರ್ತಿದೆ. ಯಾಕೆ?

ಗೋದಾಮು: ಇಷ್ಟೆಲ್ಲ ರಗಳೆ ಯಾಕೆ? ಮೊದಲು ಬಂದದ್ದು ಮೊದಲು ಹೋಗಲಿ.

ಸಗಟು: ಮೊದಲು ಕೆಡೋದು ಮೊದಲು ಹೋಗಬೇಕು. ಇವತ್ತಿನ ಹಣ್ಣು ಬಿಸಿಲಲ್ಲಿ ನಿಂತಿದ್ರೆ, ತಣ್ಣಗಿಟ್ಟ ಮೊನ್ನೆ ಹಣ್ಣಿಗಿಂತ ಮುಂಚೆ ಕೊಳೆಯಬಹುದು.

ಗೋದಾಮು: ಅದನ್ನ ಹಣ್ಣೇ ಬಂದು ಹೇಳುತ್ತಾ?

ಸಗಟು: ಉಷ್ಣಾಂಶ ಬರೆದಿಡೋ ಲಾಗರ್ ಹೇಳುತ್ತೆ, ಓದೋಕೆ ಬಂದ್ರೆ.

ಗೋದಾಮು: ಮಾತು ನೆಟ್ಟಗಿರಲಿ. ನೀವು ಲಾಗರ್ ನೇತುಹಾಕೋ ಜಾಗ ನೋಡಿದೀನಿ, ಏಸಿ ಬಾಯಿಗೆ.

ತಜ್ಞೆ: ಇಬ್ಬರೂ ನಿಲ್ಲಿಸಿ. ಲಾಗರ್ ಪೆಟ್ಟಿಗೆಯೊಳಗೆ, ಹಣ್ಣಿನ ನಡುವೆ ಇರಬೇಕು. ತಣ್ಣನೆ ಗಾಳಿ ಬರುವಲ್ಲಿಟ್ಟರೆ ಒಳಗಿನ ಹಣ್ಣು ಕಾವೇರಿದ್ದರೂ ತಂಪೇ ತೋರಿಸುತ್ತದೆ.

ಮತ್ತೊಬ್ಬರು: ಮೇಡಂ, ಆ್ಯಪ್ ಯಾವುದು?

ತಜ್ಞೆ: ಮೇಲೆ ಓದಿ.

ಸಂಗ್ರಹ ಕೇಂದ್ರ: ಸಿಂಕ್ ಬಗ್ಗೆ ಕೇಳಿದ್ದೆ...

ಹಣ್ಣು ರವಾನೆದಾರ: ಫೋನ್ ಮಾಡಿದೆ. ಆರು ಪ್ಯಾಲೆಟ್‌ಗೆ ಆಗಲೇ ಹೊಸ ಲೇಬಲ್ ಅಂಟಿಸಿದ್ದಾರೆ.

ತಜ್ಞೆ: ಹಳೆಯದನ್ನು ಕೀಳಬೇಡಿ ಅನ್ನಿ. ಎರಡೂ ಸಂಖ್ಯೆ ಕಾಣುವಂತೆ ಆರರದ್ದೂ ಫೋಟೊ ತರಿಸಿ, ಜೋಡಿ ಜೋಡಿಯಾಗಿ ಬರೆದಿಡಿ. ಟೆಕ್ಸ್ಟ್ ಕಾಲಂನಲ್ಲಿ!