ರೂಟ್‌ಮಾಸ್ಟರ್ ಬಸ್ಸಿನ ನಂಬರ್ ಒಂದು, ಬಾಡಿ ಇನ್ನೊಂದು: ಹೀಗೂ ಇರುತ್ತಾ?

ಮೇಲ್‌ಸೀಟು:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿದ್ದೇನೆ. ಹೋದ ವರ್ಷದಿಂದ ಪ್ರತಿ ಶನಿವಾರ ಹಳೇ ಲಂಡನ್ ಡಬಲ್ ಡೆಕ್ಕರ್ ಒಂದರ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದೇನೆ. ನಾಲ್ಕೈದು ಜನ ಸೇರಿ ಕೊಂಡಿರುವ ರೂಟ್‌ಮಾಸ್ಟರ್ ಅದು. ಕಾಗದದ ಪ್ರಕಾರ 1963ರ ಗಾಡಿ, ಬಸ್ಸುಗಳಿಗೆ ಕ್ರಮವಾಗಿ ಕೊಡುತ್ತಿದ್ದ ನಂಬರ್ ಕೂಡ ಸಾವಿರದ ಮೇಲಿನದು. ಆದರೆ ಮೇಲೆ ಹತ್ತಿ ನೋಡಿದರೆ ಮುಂದಿನ ಎರಡು ಕಿಟಕಿ ತೆರೆಯುವುದೇ ಇಲ್ಲ, ಗಾಜು ಫಿಕ್ಸ್. ಅಂಥ ಕಿಟಕಿ ಇದ್ದದ್ದು ಮೊದಮೊದಲ ಬಸ್ಸುಗಳಿಗೆ ಮಾತ್ರ, ಸುಮಾರು 250ನೇ ನಂಬರಿನವರೆಗೆ. ಬಾಡಿ ನಂಬರ್ ನೋಡಿದೆ, ಅದೂ ಕಾಗದಕ್ಕೆ ಹೊಂದುತ್ತಿಲ್ಲ.

ಇಷ್ಟು ದಿನ ಉಜ್ಜಿ, ತಿಕ್ಕಿ, ಬೆರಳು ಕೊಯ್ದುಕೊಂಡು ಕೆಲಸ ಮಾಡಿದ್ದೇವೆ. ಈಗ ಯಾರೋ ಎರಡು ಗಾಡಿ ಸೇರಿಸಿ ಮಾರಿಬಿಟ್ಟಿದ್ದಾರಾ ಅಂತ ಮನಸ್ಸಿಗೆ ತುಂಬಾ ಕಸಿವಿಸಿ. ಇನ್ನೊಂದು, ಇದನ್ನು ಯಾವ ವರ್ಷದ ರೂಪಕ್ಕೆ ತರಬೇಕು? ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ರೈಟ್‌ರೈಟ್:

ಯಾರೂ ಮೋಸ ಮಾಡಿಲ್ಲ, ಸಮಾಧಾನ ಮಾಡಿಕೊಳ್ಳಿ. ಲಂಡನ್ ಬಸ್ಸುಗಳ ಬದುಕೇ ಹಾಗಿತ್ತು.

ರೂಟ್‌ಮಾಸ್ಟರ್‌ಗೆ ಲಾರಿಗಿರುವ ಥರ ಉದ್ದಕ್ಕೂ ಹಾಯುವ ಚಾಸಿ ಇಲ್ಲ. ಅಲ್ಯೂಮಿನಿಯಂ ಬಾಡಿಯೇ ಗಾಡಿಯ ಬೆನ್ನೆಲುಬು. ಮುಂದೆ ಇಂಜಿನ್, ಸ್ಟಿಯರಿಂಗ್ ಹೊತ್ತಿರುವ ಉಕ್ಕಿನ ಫ್ರೇಮು, ಅದಕ್ಕೆ ಎ ಫ್ರೇಮ್ ಅಂತಾರೆ. ಹಿಂದೆ ಆಕ್ಸಲ್ ಹೊತ್ತಿರುವುದು ಬಿ ಫ್ರೇಮ್. ಎರಡನ್ನೂ ಬಾಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಬಿಚ್ಚಿದರೆ ಮೂರು ತುಂಡು. ಎರಡನೇ ಮಹಾಯುದ್ಧದಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನ ಕಟ್ಟುವಾಗ, ಲಂಡನ್ನಿನ ಬಸ್ಸು ಓಡಿಸುತ್ತಿದ್ದ ಲಂಡನ್ ಟ್ರಾನ್ಸ್‌ಪೋರ್ಟಿನವರು ಅಲ್ಯೂಮಿನಿಯಂ ಕೆಲಸ ಕಲಿತರು, ಅದೇ ಇಲ್ಲಿ ಕೈಹಿಡಿಯಿತು. ಇದಕ್ಕೂ ಮೊದಲಿದ್ದ ಆರ್‌ಟಿ ಅನ್ನುವ ಮಾದರಿಯ ಬಸ್ಸಿನಲ್ಲಿ 56 ಸೀಟು ಇದ್ದವು, ಇದರಲ್ಲಿ ಹೆಚ್ಚುಕಮ್ಮಿ ಅದೇ ತೂಕಕ್ಕೆ 64.

ಓವರ್‌ಹಾಲ್‌ಗೆ ಬಸ್ಸು ಆಲ್ಡನ್‌ಹ್ಯಾಮ್ ವರ್ಕ್‌ಶಾಪಿಗೆ ಹೋಗುತ್ತಿತ್ತು. ಅಲ್ಲಿ ಬಾಡಿ ಒಂದು ದಾರಿ, ಫ್ರೇಮುಗಳು ಇನ್ನೊಂದು ದಾರಿ. ಬಾಡಿ ಕೆಲಸಕ್ಕೆ ಸಮಯ ಜಾಸ್ತಿ ಹಿಡಿಯುತ್ತೆ ಅಲ್ವಾ, ಹಾಗಾಗಿ ಒಂದಕ್ಕೊಂದು ಕಾಯುತ್ತಾ ಕೂರುತ್ತಿರಲಿಲ್ಲ. ಯಾವ ಬಾಡಿ ರೆಡಿ ಇದೆಯೋ ಅದಕ್ಕೆ ರೆಡಿ ಇದ್ದ ಫ್ರೇಮ್ ಕೂಡಿಸಿ ಕಳಿಸುತ್ತಿದ್ದರು. ಒಳಗೆ ಬಂದ ಬಸ್ಸಿನ ನಂಬರ್ ಪ್ಲೇಟು, ಕಾಗದ ಎಲ್ಲ ಹೊರಡಲು ನಿಂತಿರುವ ಇನ್ನೊಂದು ಬಸ್ಸಿಗೆ ಹೋಗುತ್ತಿದ್ದವು, ತೆರಿಗೆ ಕಟ್ಟಿದ ಲೈಸೆನ್ಸು ಸುಮ್ನೆ ವರ್ಕ್‌ಶಾಪಿನಲ್ಲಿ ಬಿದ್ದಿರಬಾರದು ಅಂತ. ಬೆಳಿಗ್ಗೆ ಒಳಗೆ ಹೋದ ನಂಬರು ಸಂಜೆ ಹೊಸ ಪೇಂಟಿನ ಬೇರೆ ಗಾಡಿಯ ಮೇಲೆ ರಸ್ತೆಗೆ ಬಂದಂತೆ. ವರ್ಕ್‌ಶಾಪು 1986ರಲ್ಲಿ ಮುಚ್ಚಿತು. ಅಷ್ಟರೊಳಗೆ ನಿಮ್ಮ ಬಾಡಿ ಎಷ್ಟು ನಂಬರ್ ಹೊತ್ತು ತಿರುಗಿದೆಯೋ! ನನಗಂತೂ ಅದು ಗಾಡಿಯ ಬೆಲೆ ಹೆಚ್ಚಿಸುವ ವಿಷಯ. ಆ ಕಿಟಕಿಗಳನ್ನು ದಯವಿಟ್ಟು ಬದಲಿಸಬೇಡಿ.

ಕೀಲೆಣ್ಣೆ:

ಮೇಲಿನವರು ಹೇಳಿದ್ದು ಸರಿ. ಆದರೆ ನಂಬರಿಗಿಂತ ಮೊದಲು ಬೋಲ್ಟ್ ನೋಡಿ.

ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ ಅಂತ ಜನ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಅದು ಉಕ್ಕಿಗೆ ತಾಗುವ ಕಡೆ ನೀರು ಸೇರಿದರೆ, ಅದರಲ್ಲೂ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಸೇರಿದರೆ, ಅಲ್ಯೂಮಿನಿಯಮ್ಮೇ ಮೊದಲು ಕರಗುವುದು. ಫ್ರೇಮು ಬಾಡಿಗೆ ಸೇರುವ ಜಾಗದಲ್ಲಿ ಬೆರಳಾಡಿಸಿ ನೋಡಿ, ಸುಣ್ಣದಂಥ ಬಿಳಿ ಪುಡಿ ಬೆರಳಿಗೆ ಅಂಟಿದರೆ ಒಳಗೆ ತಿನ್ನುತ್ತಿದೆ ಅಂತಲೇ ಅರ್ಥ. ಆ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತೆ, ತಗಡನ್ನು ಉಬ್ಬಿಸಿ ರಿವೆಟ್ಟಿನ ತಲೆಯನ್ನೇ ಎಬ್ಬಿಸುತ್ತೆ. ನಾನು ಕೆಲಸ ಮಾಡಿದ ಒಂದು ಗಾಡಿಯಲ್ಲಿ ಹೊರಗಡೆ ಪೇಂಟು ಕನ್ನಡಿ ಥರ ಹೊಳೆಯುತ್ತಿತ್ತು, ಕೆಳಗೆ ಮಲಗಿ ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿನ ಹಾಗೆ ಉದುರಿತು. ಪುಡಿಯನ್ನೆಲ್ಲ ತೆಗೆದು, ಕೆಟ್ಟ ಭಾಗ ಕತ್ತರಿಸಿ ಹೊಸ ತುಂಡು ಕೂಡಿಸಿ. ಮತ್ತೆ ಬಿಗಿಯುವಾಗ ಎರಡು ಲೋಹದ ನಡುವೆ ನೀರು ನುಗ್ಗದ ಪದರ ಕೊಡಲೇಬೇಕು. ಬರೀ ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಮತ್ತೆ ಅದೇ ಗತಿ.

ಹಿಂದಿನ ಪ್ಲ್ಯಾಟ್‌ಫಾರಂ ಕೆಳಗೂ ನೋಡಿ. ಬಾಗಿಲಿಲ್ಲದ ಜಾಗ, ಎಷ್ಟೋ ವರ್ಷ ಒದ್ದೆ ಬೂಟುಗಳು ಹತ್ತಿ ಇಳಿದಿವೆ.

ಇಂಜಿನ್ ಯಾವುದಿದೆ ಅಂತ ಹೇಳಲಿಲ್ಲ. 1990ರ ದಶಕದಲ್ಲಿ ಎಷ್ಟೋ ಬಸ್ಸುಗಳ ಹಳೇ ಇಂಜಿನ್ ತೆಗೆದು ಕಮಿನ್ಸ್, ಇವೆಕೊ ಕಂಪನಿಗಳ ಇಂಜಿನ್ ಕೂರಿಸಿದರು. ಎಇಸಿ ಕಂಪನಿಯ ಹಳೇ 9.6 ಲೀಟರಿನ ಎವಿ590 ಇಂಜಿನ್ ಇದ್ದರೆ ನಿಮ್ಮ ಅದೃಷ್ಟ. ಬಹಳ ದಿನ ನಿಂತಿದ್ದರೆ ನೇರವಾಗಿ ಸೆಲ್ಫ್ ಹೊಡೆಯಬೇಡಿ, ಮೊದಲು ಕೈಯಲ್ಲಿ ತಿರುಗಿಸಿ, ಹಿಡಿದಿದೆಯಾ ನೋಡಿ.

ಹಳದಿಸೂರು:

ಯಾವ ವರ್ಷ ಅನ್ನುವುದಕ್ಕೆ ನನ್ನ ಮಾತು: ಒಳಗೆ ಎಲ್ಲಾದರೂ ಕೈ ಹೋಗದ ಮೂಲೆಯಲ್ಲಿ ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಈ ಬಸ್ಸಿಗೆ ರೂಪ ಕೊಟ್ಟ ವಿನ್ಯಾಸಕಾರ ಡಗ್ಲಸ್ ಸ್ಕಾಟ್ ವಿನ್ಯಾಸದಲ್ಲಿ ಪಕ್ಕದ ತಗಡು ಬರ್ಗಂಡಿ, ಕಿಟಕಿ ಸುತ್ತ ಚೈನೀಸ್ ಹಸಿರು, ಸೂರು ಸುಂಗ್ ಹಳದಿ. ಸಂಜೆ ಹೊತ್ತು ಬಲ್ಬ್ ಹಾಕಿದಾಗ ಆ ಹಳದಿ ಕೊಡುವ ಬೆಚ್ಚನೆ ಬೆಳಕು ಟ್ಯೂಬ್‌ಲೈಟಿಗೆ ಬರಲ್ಲ. ಆದರೂ 2005ರ ಡಿಸೆಂಬರ್ 9ರಂದು 159ನೇ ಮಾರ್ಗದಲ್ಲಿ ಕೊನೇ ಸಲ ಓಡಿದ ಹೊತ್ತಿನ ರೂಪವನ್ನೂ ಯಾರಾದರೂ ಉಳಿಸಬೇಕು. ಎಲ್ಲರೂ 60ರ ದಶಕಕ್ಕೇ ಹೋದರೆ ಆಮೇಲಿನ 40 ವರ್ಷ ಯಾರ ನೆನಪಿನಲ್ಲಿ ಉಳಿಯುತ್ತೆ?

ಮೇಲ್‌ಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೆರೆದೆ. ಮೇಲೆ ಬಿಳಿ, ಅದರ ಕೆಳಗೆ ಇನ್ನೊಂದು ಬಿಳಿ, ಆಮೇಲೆ ಉಗುರಿನಷ್ಟು ಹಳದಿ. ತಂಡದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ಆಮೇಲೆ ವಾದ ಬೇಕಾಗಲಿಲ್ಲ, ಒಳಗಡೆ 60ರ ದಶಕವೇ. ಇಂಜಿನ್ ಕಮಿನ್ಸ್, ಸದ್ಯಕ್ಕೆ ಅದೇ ಇರಲಿ ಅಂದುಕೊಂಡಿದ್ದೇವೆ.

ಎ ಫ್ರೇಮಿನ ಎಡಗಡೆ ಬಿಳಿ ಪುಡಿ ಸಿಕ್ಕಿತು, ಬಲಗಡೆ ಇಲ್ಲ. ಮುಂದಿನ ವಾರ ಜ್ಯಾಕ್ ಕೊಟ್ಟು ಅಲ್ಲಿಂದಲೇ ಬಿಚ್ಚುತ್ತೇವೆ. ಮುಂದಿನ ಕಿಟಕಿಗಳನ್ನು ಮುಟ್ಟಲ್ಲ.