‘ಹೌಲ್‌ರೌಂಡ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಮೊದಲ ಕಂತುಗಳು ತೆರೆಯ ಹಿಂದೆ ಹೇಗೆ ತಯಾರಾದವು ಎಂದು ಒಂದು ಲೇಖನ ಬರೆಯುತ್ತಿದ್ದೇನೆ. 1963ರ ನವೆಂಬರ್ 23ರಂದು ಅದರ ಮೊದಲ ಕಂತು ಪ್ರಸಾರವಾಯಿತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಆ ಕಂತನ್ನು ನಿರ್ದೇಶಿಸಿದವರು ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಇಷ್ಟೆಲ್ಲ ಸಲೀಸಾಗಿ ಬರೆದಾಯಿತು. ಶೀರ್ಷಿಕೆಯ ದೃಶ್ಯಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿದೆ.

ಬರ್ನಾರ್ಡ್ ಲಾಜ್ ರೂಪಿಸಿದ ದೃಶ್ಯ ಅದು. ಕಪ್ಪು ತೆರೆಯ ಮೇಲೆ ಬಿಳಿ ಗೆರೆಯೊಂದು ಏಳುತ್ತದೆ, ನೋಡನೋಡುತ್ತ ಮೋಡದ ಹಾಗೆ ಹಿಗ್ಗಿ ಕದಡಿಕೊಳ್ಳುತ್ತದೆ. ಕಂಪ್ಯೂಟರಿನ ಕೆಲಸ ಅಲ್ಲ. ಕ್ಯಾಮೆರಾ ಹಿಡಿದ ಚಿತ್ರವನ್ನು ತೋರಿಸುತ್ತಿರುವ ಮಾನಿಟರಿನ ಕಡೆಗೇ ಆ ಕ್ಯಾಮೆರಾವನ್ನು ತಿರುಗಿಸಿದರು, ಅಷ್ಟೆ. ಪರದೆಯಲ್ಲಿದ್ದದ್ದು ಕ್ಯಾಮೆರಾಕ್ಕೆ, ಕ್ಯಾಮೆರಾದ್ದು ಮತ್ತೆ ಪರದೆಗೆ. ನಡುವೆ ಚೂರು ಬೆಳಕು ಬಿದ್ದರೂ ಸಾಕು, ಸುತ್ತು ಸುತ್ತಿಗೂ ಬೆಳೆದು ಬೇರೆಯದೇ ಆಕಾರ ತಾಳುತ್ತದೆ. ಧಾರಾವಾಹಿಯ ಹೆಸರಿನ ಅಕ್ಷರಗಳನ್ನೂ ಅದರೊಳಗೆ ಬಿಟ್ಟರು. 1967ರಲ್ಲಿ ನಟ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವೂ ಸೇರಿತು.

ಇದಕ್ಕೆ ಅಲ್ಲಿನವರು ಕರೆದದ್ದು ‘ಹೌಲ್‌ರೌಂಡ್’ ಎಂದು. ಧ್ವನಿಯವರ ಮಾತು ಅದು. ಮೈಕನ್ನು ಸ್ಪೀಕರಿನ ಎದುರು ತಂದಾಗ ಕುಂಯ್ ಎಂದು ಕಿವಿ ಕೊರೆಯುತ್ತದಲ್ಲ, ಅದು. ಶಾಲೆಯ ವಾರ್ಷಿಕೋತ್ಸವದಲ್ಲಿ ‘ಮೈಕ್ ಕೂಗ್ತಾ ಇದೆ, ಸ್ವಲ್ಪ ಹಿಂದೆ ಬನ್ನಿ ಸಾರ್’ ಅನ್ನುವುದನ್ನು ಕೇಳಿದ್ದೇನೆ. ಆದರೆ ಚಿತ್ರ ಕೂಗಿತು, ಊಳಿಟ್ಟಿತು ಎಂದು ಬರೆದರೆ ಕನ್ನಡದ ಓದುಗನಿಗೆ ಏನೂ ಕಾಣುವುದಿಲ್ಲ.

ಫೀಡ್‌ಬ್ಯಾಕ್ ಎಂಬುದಕ್ಕೆ ಇರುವ ‘ಹಿಮ್ಮಾಹಿತಿ’ ಎಂದರೆ ಸಭೆ ಮುಗಿದ ಮೇಲೆ ತುಂಬಿಸಿಕೊಳ್ಳುವ ಅಭಿಪ್ರಾಯದ ಹಾಳೆ ನೆನಪಾಗುತ್ತದೆ. ‘ಮಾರ್ದನಿ’ಯ ಮಾದರಿಯಲ್ಲಿ ‘ಮರುಬಿಂಬ’ ಎನ್ನಬಹುದೇ ಎಂದು ಯೋಚಿಸಿದೆ. ಮಾರ್ದನಿ ಹೋಗುಹೋಗುತ್ತ ಅಡಗುತ್ತದೆ, ಇದು ಬೆಳೆಯುತ್ತದೆ, ಹೊಂದಲಿಲ್ಲ. ಕಟಿಂಗ್ ಶಾಪಿನ ಎದುರುಬದುರು ಕನ್ನಡಿಗಳ ಹೋಲಿಕೆ ವಿವರಣೆಗೆ ಒಳ್ಳೆಯದು, ಹೆಸರಿಗೆ ಆಗದು.

ನನಗೆ ಹಿಡಿಸಿರುವುದು ‘ಸುಳಿ’. ನೀರಿನ ಸುಳಿ, ನೆತ್ತಿಯ ಸುಳಿ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಬಾಳೆಯ ಸುಳಿ. ನಡುವಿನಿಂದ ಸುರುಳಿಯಾಗಿ ಹೊರಟು, ತನ್ನೊಳಗಿಂದ ತಾನೇ ಬಿಚ್ಚಿಕೊಂಡು ಅಗಲವಾಗುವ ಆ ಎಳೆಯ ಎಲೆ. ಆ ಶೀರ್ಷಿಕೆಯಲ್ಲಿ ಬೆಳಕು ಬಿಚ್ಚಿಕೊಳ್ಳುವುದು ಥೇಟ್ ಹಾಗೆಯೇ. ‘ಬಿಂಬಸುಳಿ’ ಎಂದರೆ ಅರಿಸಮಾಸವಾಯಿತು ಎಂದು ಇಲ್ಲಿನ ಹಿರಿಯರು ತಿದ್ದುತ್ತೀರಿ, ಗೊತ್ತು. ಅದಕ್ಕೇ ಬಿಡಿಸಿ ‘ಬಿಂಬದ ಸುಳಿ’ ಎಂದು ಬರೆದಿದ್ದೇನೆ. ಸುಳಿ ಎಂದೊಡನೆ ಒಳಗೆ ಸೆಳೆಯುವುದೇ ಮೊದಲು ಹೊಳೆದು ದಾರಿ ತಪ್ಪುತ್ತದೆಯೇ?

ಇನ್ನೊಂದು ಸಣ್ಣ ಸಂಶಯ, ಕ್ರಿಯಾಪದದ್ದು. ಧಾರಾವಾಹಿಯ ನಾಯಕ ‘ಡಾಕ್ಟರ್’, ಕಾಲದಿಂದ ಕಾಲಕ್ಕೆ ಆತ ಓಡಾಡುವ ನೀಲಿ ಪೆಟ್ಟಿಗೆ ಟಾರ್ಡಿಸ್. ಅದು ಹೊರಡುವ ಸದ್ದನ್ನು ಬಿಬಿಸಿಯಲ್ಲಿ ಹೊಸ ಸದ್ದುಗಳನ್ನು ತಯಾರಿಸುತ್ತಿದ್ದ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪಿನ ಬ್ರಯಾನ್ ಹಾಡ್ಜ್‌ಸನ್ ಹುಟ್ಟಿಸಿದ್ದು ತಾಯಿಯ ಮನೆಯ ಮುಂಬಾಗಿಲ ಕೀಲಿಕೈಯಿಂದ. ಹಳೆಯ ಪಿಯಾನೋದ ಮಂದ್ರ ತಂತಿಗೆ ಅದನ್ನು ಒತ್ತಿ ಉದ್ದಕ್ಕೂ ಎಳೆದರು. ಮಂದ್ರದ ತಂತಿಗೆ ಮೇಲೊಂದು ತಂತಿ ಒತ್ತೊತ್ತಾಗಿ ಸುತ್ತಿರುತ್ತದೆ. ಕೀಲಿಕೈ ಒಂದೊಂದು ಸುತ್ತನ್ನೂ ದಾಟುವಾಗ ಗರಗರ ಎನ್ನುತ್ತದೆ. ‘ಮೀಟಿದರು’ ಖಂಡಿತ ಅಲ್ಲ. ‘ಉಜ್ಜಿದರು’ ಎಂದರೆ ಗರಗರ ಹೋಗಿಬಿಡುತ್ತದೆ, ‘ಕೆರೆದರು’ ಎಂದರೆ ಉದ್ದ ಸಿಗುವುದಿಲ್ಲ. ‘ಗೀರಿಕೊಂಡು ಎಳೆದರು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಎರಡನ್ನೂ ಒಂದೇ ಮಾತಿನಲ್ಲಿ ಹೇಳುವ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?